ತೋಟದ ನಾಯಿಯ ಹೃದಯ: ಮೈಸೂರಿನ ಪರೀಕ್ಷಾ ಕೋಣೆಯಲ್ಲಿ ನಾವು ಕಂಡದ್ದು

ಕಾಂಡಕೊರಕ, ಕೊಳೆರೋಗ, ಗೊಬ್ಬರದ ಲೆಕ್ಕ ಇವುಗಳ ನಡುವೆ ನಾಯಿಯ ಹೃದಯಕ್ಕೇನು ಕೆಲಸ ಎಂದು ಸದಸ್ಯ ಬಾಂಧವರು ಕೇಳಬಹುದು. ಕೊಯ್ಲಿನ ಮೂರು ತಿಂಗಳು ಕಣದಲ್ಲಿ ಹರಡಿದ ಕಾಫಿಯನ್ನು ರಾತ್ರಿಯೆಲ್ಲ ಕಾಯುವವರು ಯಾರು ಎಂಬುದನ್ನು ನೆನೆದರೆ ಈ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕೀತು. ಉಳಿದರ್ಧ ನಮ್ಮ ಮನೆಯದೇ ಕಥೆ. ತಿಳಿವಳಿಕೆಯಿಲ್ಲದೆ ನಾವೊಂದು ತಪ್ಪು ಮಾಡಿದೆವು. ಅದು ಇನ್ನೊಂದು ತೋಟದಲ್ಲಿ ಆಗದಿರಲಿ ಎಂದು ಇದನ್ನು ಬರೆಯುತ್ತಿದ್ದೇವೆ.

2019ರ ಡಿಸೆಂಬರ್. ನಮ್ಮ ಟೈಗರ್ ಎಂಬ ಡಾಬರ್‌ಮನ್ ನಾಯಿಗೆ ಆಗ ಐದು ವರ್ಷ. ಬೆಳಿಗ್ಗೆ ಕಣದ ಬೇಲಿ ದಾಟಿ ಬಂದ ಕೋತಿಯೊಂದನ್ನು ಅಟ್ಟಿಸಿಕೊಂಡು ಗೇಟಿನವರೆಗೆ ಓಡಿತು, ಅಲ್ಲಿ ಕಾಲು ಮಡಚಿ ಕುಸಿಯಿತು. ನಾವು ಹತ್ತಿರ ಹೋಗುವಷ್ಟರಲ್ಲಿ ಜೀವ ಹೋಗಿತ್ತು. ಹಿಂದಿನ ರಾತ್ರಿ ಅನ್ನ ಸಾರು ಉಂಡು, ಬೆಳಿಗ್ಗೆ ಬಾಲವಾಡಿಸಿದ ನಾಯಿ ಹೀಗೆ ಬಿದ್ದು ಸತ್ತರೆ ಯಾರ ಮನಸ್ಸಿಗೂ ಮೊದಲು ಬರುವುದು ವಿಷ. ಅದರ ಹಿಂದಿನ ವಾರವಷ್ಟೆ ಟೈಗರ್ ಲೈನ್ ಮನೆಯ ಒಬ್ಬರ ಕೋಳಿ ಹಿಡಿದು, ನಮಗೂ ಅವರಿಗೂ ನಾಲ್ಕು ಮಾತು ಆಗಿತ್ತು. ನಾವು ಎರಡಕ್ಕೆ ಎರಡು ಸೇರಿಸಿ ನಾಲ್ಕು ಮಾಡಿಬಿಟ್ಟೆವು. ಆಡಬಾರದ ಮಾತು ಆಡಿದೆವು. ಹನ್ನೊಂದು ವರ್ಷ ನಮ್ಮಲ್ಲಿ ದುಡಿದಿದ್ದ ಆ ಮನುಷ್ಯ ಕೊಯ್ಲು ಮುಗಿಯುವ ಮೊದಲೇ ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೊರಟುಹೋದರು. ನಾಯಿಯನ್ನು ಹಾಲುವಾಣದ ಬುಡದಲ್ಲಿ ಹೂಳಿಸಿದೆವು. ಶವಪರೀಕ್ಷೆ ಮಾಡಿಸಬೇಕೆಂದು ಯಾರಿಗೂ ತೋಚಲಿಲ್ಲ.

ಟೈಗರನ ಮಗ ಜಾನಿ ಹುಟ್ಟಿದ್ದು 2018ರಲ್ಲಿ. ಏಳು ತುಂಬುವ ಹೊತ್ತಿಗೆ ಅವನಲ್ಲಿ ಒಂದು ಬದಲಾವಣೆ ಕಂಡಿತು. ಕೆರೆಯಿಂದ ಮನೆಗೆ ಏರುವ ದಾರಿಯಲ್ಲಿ ಅರ್ಧಕ್ಕೆ ನಿಂತು, ಯಾವುದೋ ವಾಸನೆ ಹಿಡಿದವನಂತೆ ನಟಿಸುತ್ತಿದ್ದ. ವಯಸ್ಸಾಯಿತು ಎಂದುಕೊಂಡೆವು. ರಾತ್ರಿ ಒಂದೆರಡು ಸಲ ಕೆಮ್ಮಿದಾಗ ಮಂಜಿನ ಶೀತ ಎಂದುಕೊಂಡೆವು, ಯಾರೋ ಹೇಳಿದ ಕೆಮ್ಮಿನ ಸಿರಪ್ಪನ್ನು ಹದಿನೈದು ದಿನ ಕುಡಿಸಿದೆವು. ಕೊನೆಗೆ ಬ್ಯಾಂಕಿನ ಕೆಲಸಕ್ಕೆ ಮೈಸೂರಿಗೆ ಹೋಗುವ ದಿನ ಜೀಪಿನ ಹಿಂದೆ ಅವನನ್ನೂ ಕೂರಿಸಿಕೊಂಡೆವು. ಎದೆನೋವೆಂದರೆ ನಾವು ಕೆ.ಆರ್.ಎಸ್. ರಸ್ತೆಯ ಜಯದೇವ ಆಸ್ಪತ್ರೆಗೆ ಓಡುತ್ತೇವೆ. ನಾಯಿಯ ಎದೆಯನ್ನು ನೋಡುವವರೂ ಅದೇ ಊರಿನಲ್ಲಿದ್ದಾರೆ ಎಂಬುದು ನಮಗೆ ಆ ದಿನದವರೆಗೆ ಗೊತ್ತಿರಲಿಲ್ಲ.

ಹುಣಸೂರು ದಾಟಿ, ಇಲವಾಲ ದಾಟಿ, ಕುಕ್ಕರಹಳ್ಳಿ ಕೆರೆಯ ಮಗ್ಗುಲಿಗೆ ಬರುವಾಗ ಹತ್ತು ಗಂಟೆ. ಚಿಕಿತ್ಸಾಲಯದ ಬೆಂಚಿನ ಮೇಲೆ ಸರಸ್ವತಿಪುರಂ, ಕುವೆಂಪುನಗರದ ಕಡೆಯ ಜನ ಪೊಮೆರೇನಿಯನ್, ಪಗ್, ಲ್ಯಾಬ್ರಡಾರ್‌ಗಳನ್ನು ಹಿಡಿದು ಕೂತಿದ್ದರು. ನಮ್ಮ ಜಾನಿ ಒಬ್ಬನಿಗೇ ಕಾಲಲ್ಲಿ ತೋಟದ ಕೆಸರು.

ಡಾಕ್ಟರು ಮೊದಲು ಮಾಡಿದ್ದು ಯಂತ್ರವಿಲ್ಲದ ಪರೀಕ್ಷೆ. ಒಂದು ಕೈಯಲ್ಲಿ ಸ್ಟೆತಾಸ್ಕೋಪ್ ಹಿಡಿದು ಎದೆಬಡಿತ ಕೇಳುತ್ತ, ಇನ್ನೊಂದು ಕೈಯನ್ನು ತೊಡೆಯ ಒಳಬದಿಯ ನಾಡಿಯ ಮೇಲಿಟ್ಟರು. ಹೃದಯ ಬಡಿದಾಗಲೆಲ್ಲ ನಾಡಿಯೂ ಮಿಡಿಯಬೇಕು. ಎದೆಯಲ್ಲಿ ಬಡಿತ ಕೇಳಿ ತೊಡೆಯಲ್ಲಿ ಮಿಡಿತ ಸಿಗದಿದ್ದರೆ ಆ ಬಡಿತ ಪೊಳ್ಳು, ರಕ್ತ ಮುಂದೆ ಹೋಗಿಲ್ಲ ಎಂದರ್ಥ. ಇಲ್ಲಿ ಒಂದು ಮಾತು ಸೇರಿಸಬೇಕು. ಆರೋಗ್ಯವಾಗಿರುವ ನಾಯಿ ವಿಶ್ರಾಂತಿಯಲ್ಲಿರುವಾಗ ನಾಡಿ ಉಸಿರಿನ ಜೊತೆ ತುಸು ಚುರುಕಾಗಿ ತುಸು ನಿಧಾನವಾಗಿ ಹೋಗುವುದು ಸಹಜ. ನಾಡಿ ಗಡಿಯಾರದಂತಿಲ್ಲ ಎಂದು ಯಾರೂ ಗಾಬರಿಯಾಗಬೇಕಿಲ್ಲ.

ನಂತರ ಎಕ್ಸ್‌ರೇ, ಇ.ಸಿ.ಜಿ., ಕೊನೆಗೆ ಎಕೋ. ಎಕ್ಸ್‌ರೇಯಲ್ಲಿ ಹೃದಯದ ಉದ್ದ ಅಗಲಗಳನ್ನು ಬೆನ್ನುಮೂಳೆಯ ಮಣಿಗಳ ಮೇಲೆ ಇಟ್ಟು ಅಳೆಯುತ್ತಾರೆ. 1995ರಲ್ಲಿ ಬಂದ ಈ ಲೆಕ್ಕದಲ್ಲಿ ಬಹುಪಾಲು ನಾಯಿಗಳ ಹೃದಯ ಎಂಟೂವರೆಯಿಂದ ಹತ್ತೂವರೆ ಮಣಿಯೊಳಗೆ ನಿಲ್ಲುತ್ತದೆ. ಅಡಿಕೆ ತೋಟದಲ್ಲಿ ಗಜಕಡ್ಡಿ ಇಲ್ಲದಾಗ ನಾವು ಹೆಜ್ಜೆಯಲ್ಲಿ ಅಳೆಯುವುದಿಲ್ಲವೇ, ಹಾಗೆ. ಚಿಕ್ಕ ನಾಯಿಗೂ ದೊಡ್ಡ ನಾಯಿಗೂ ಅದರದರ ಬೆನ್ನೆಲುಬೇ ಅಳತೆಗೋಲು.

ಇ.ಸಿ.ಜಿ.ಗೆ ಕಾಲುಗಳಿಗೆ ಕ್ಲಿಪ್ ಹಾಕಿದಾಗ ನಮಗೆ ಓದಿದ್ದೊಂದು ನೆನಪಾಯಿತು. ಮನುಷ್ಯನ ಹೃದಯದ ವಿದ್ಯುತ್ತನ್ನು ಹೊರಗಿನಿಂದ 1887ರಲ್ಲಿ ಮೊದಲು ದಾಖಲಿಸಿದ ಲಂಡನ್ನಿನ ಅಗಸ್ಟಸ್ ವಾಲರ್ ಅವರು ಜಿಮ್ಮಿ ಎಂಬ ತಮ್ಮ ಬುಲ್‌ಡಾಗನ್ನು ಉಪ್ಪುನೀರಿನ ಪಾತ್ರೆಯಲ್ಲಿ ಕಾಲಿಟ್ಟು ನಿಲ್ಲಿಸಿ ಅದರ ಹೃದಯದ ಗೆರೆಗಳನ್ನು ಜನರಿಗೆ ತೋರಿಸುತ್ತಿದ್ದರು. 1909ರಲ್ಲಿ ಇದು ಪ್ರಾಣಿಹಿಂಸೆಯಲ್ಲವೇ ಎಂದು ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಪ್ರಶ್ನೆಯೇ ಎದ್ದಿತು. ನಾಯಿ ಬರೀ ಉಪ್ಪುನೀರಿನಲ್ಲಿ ನಿಂತಿತ್ತು ಎಂದು ಮಂತ್ರಿಗಳು ಸಮಾಧಾನ ಹೇಳಬೇಕಾಯಿತು. ಜಾನಿಗೆ ಅಷ್ಟು ತೊಂದರೆಯೂ ಆಗಲಿಲ್ಲ. ಐದು ನಿಮಿಷದ ಕಾಗದದಲ್ಲಿ ಒಂದು ಕಡೆ ಮಾತ್ರ, ಸಾಲಿನಲ್ಲಿ ನಿಂತವರ ನಡುವೆ ನುಗ್ಗಿದವನಂತೆ, ಅಗಲವಾದ ವಕ್ರ ಗೆರೆಯೊಂದು ಅವಧಿಗೆ ಮುಂಚೆ ಬಂದಿತ್ತು. ಡಾಕ್ಟರು ಅದರ ಮೇಲೆ ಪೆನ್ನಿನಿಂದ ಸುತ್ತು ಹಾಕಿದರು.

ಎಕೋ ಯಂತ್ರದ ಪರದೆಯಲ್ಲಿ ಹೃದಯ ಬಡಿಯುವುದನ್ನು ನಾವೇ ಕಂಡೆವು. ಎಡಬದಿಯ ಕೆಳಕೋಣೆ ಹಿಗ್ಗಿತ್ತು, ಗೋಡೆ ತೆಳುವಾಗಿತ್ತು, ಕುಗ್ಗುವಾಗ ಪೂರ್ತಿ ಹಿಂಡಿಕೊಳ್ಳದೆ ಅಲುಗಿದಂತೆ ಮಾಡಿ ಬಿಡುತ್ತಿತ್ತು. ಗಂಡು ಡಾಬರ್‌ಮನ್‌ನಲ್ಲಿ ಆ ಕೋಣೆ ತುಂಬಿ ನಿಂತಾಗ ಅಡ್ಡಳತೆ ಸುಮಾರು 48 ಮಿಲಿಮೀಟರ್ ದಾಟಿದರೆ ರೋಗದ ಅನುಮಾನ. ಜಾನಿಯದು 50.

ನಮಗೆ ಹೃದಯದ ಕಾಯಿಲೆ ಎಂದರೆ ಗೊತ್ತಿರುವುದು ಬ್ಲಾಕ್. ಕೊಬ್ಬು ಕಟ್ಟಿ ರಕ್ತನಾಳ ಮುಚ್ಚುವುದು, ಆ ಭಾಗದ ಸ್ನಾಯು ಸಾಯುವುದು, ಬಲೂನು, ಸ್ಟೆಂಟು. ನಾಯಿಯಲ್ಲಿ ಇದು ತೀರಾ ಅಪರೂಪ. ನಾಯಿ ಬಿದ್ದು ಸತ್ತಾಗ ಹಾರ್ಟ್ ಅಟ್ಯಾಕ್ ಎಂದುಬಿಡುತ್ತೇವೆ, ಆದರೆ ನಮ್ಮ ಅರ್ಥದ ಹಾರ್ಟ್ ಅಟ್ಯಾಕ್ ಅದಕ್ಕೆ ಬಹುಮಟ್ಟಿಗೆ ಇಲ್ಲ. ಅದರ ಕಾಯಿಲೆ ನಡೆಯುವುದು ಸ್ನಾಯುವಿನಲ್ಲಿ ಮತ್ತು ಕವಾಟದಲ್ಲಿ, ವರ್ಷಗಟ್ಟಲೆ, ಸದ್ದಿಲ್ಲದೆ.

ಕವಾಟದ ಕಥೆ ಪಂಪ್‌ಸೆಟ್ ಇಟ್ಟವರಿಗೆಲ್ಲ ಬೇಗ ಅರ್ಥವಾಗುತ್ತದೆ. ಫುಟ್‌ವಾಲ್ವ್ ಸೋರಿದರೆ ಮೇಲೆತ್ತಿದ ನೀರಿನಲ್ಲಿ ಒಂದಿಷ್ಟು ಹಿಂದಕ್ಕೆ ಬೀಳುತ್ತದೆ, ಸ್ಪ್ರಿಂಕ್ಲರ್ ಅಷ್ಟೇ ತಿರುಗಬೇಕಾದರೆ ಮೋಟಾರು ಹೆಚ್ಚು ದುಡಿಯಬೇಕು. ಪೊಮೆರೇನಿಯನ್, ಪಗ್, ಡ್ಯಾಶ್‌ಹೌಂಡ್‌ನಂಥ ಚಿಕ್ಕ ಜಾತಿಗಳಲ್ಲಿ ವಯಸ್ಸಾದಂತೆ ಎಡಬದಿಯ ಕೋಣೆಗಳ ನಡುವಣ ಕವಾಟ ಗಂಟುಗಟ್ಟಿ ದಪ್ಪವಾಗಿ ಸೋರತೊಡಗುತ್ತದೆ. ಹಿಂದಕ್ಕೆ ಸೋರಿದ ರಕ್ತ ಮರುಬಡಿತದಲ್ಲಿ ಹೊಸ ರಕ್ತದ ಜೊತೆ ಸೇರಿ ಬರುತ್ತದೆ. ಆ ಹೆಚ್ಚುವರಿ ಹೊರೆಯನ್ನು ಹಿಡಿಸಿಕೊಳ್ಳಲು ಸ್ನಾಯುವಿನ ಕಣಗಳು ಉದ್ದಕ್ಕೆ ಬೆಳೆಯುತ್ತವೆ, ಕೋಣೆ ದೊಡ್ಡದಾಗುತ್ತದೆ. ಮೊದಮೊದಲು ಇದು ಉಪಕಾರವೇ. ಜಗ್ಗಿದಷ್ಟೂ ಬಲವಾಗಿ ಎಳೆದುಕೊಳ್ಳುವುದು ಸ್ನಾಯುವಿನ ಗುಣ. ಆದರೆ ಸೈಕಲ್ ಟ್ಯೂಬಿನ ರಬ್ಬರನ್ನು ದಿನವೂ ಜಗ್ಗಿದರೆ ಒಂದು ದಿನ ಅದು ಸಡಿಲ ಬೀಳುವಂತೆ, ಇದೂ ಬೀಳುತ್ತದೆ. ಸ್ನಾಯುವಿನೊಳಗಿನ ಸಣ್ಣ ರಕ್ತನಾಳಗಳ ಗೋಡೆ ದಪ್ಪವಾಗುತ್ತದೆ, ಅಲ್ಲಲ್ಲಿ ಚುಕ್ಕೆಚುಕ್ಕೆಯಾಗಿ ಸ್ನಾಯು ಸತ್ತು ನಾರು ತುಂಬಿಕೊಳ್ಳುತ್ತದೆ. ಹಿಗ್ಗಿದ ಮೇಲ್ಕೋಣೆ ಶ್ವಾಸನಾಳದ ಕವಲನ್ನು ಒತ್ತುವುದರಿಂದ ಕೆಮ್ಮು. ಮುಂದೆ ಪುಪ್ಪುಸದಲ್ಲಿ ನೀರು.

ದೊಡ್ಡ ಜಾತಿಗಳ ಕಥೆ ಬೇರೆ. ಡಾಬರ್‌ಮನ್, ಗ್ರೇಟ್ ಡೇನ್‌ಗಳಲ್ಲಿ ಕವಾಟ ಚೆನ್ನಾಗಿದ್ದರೂ ಸ್ನಾಯುವೇ ಸವೆಯುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದವರು ಎರಡು ಬಗೆ ಹೇಳುತ್ತಾರೆ. ಒಂದರಲ್ಲಿ ಸ್ನಾಯುವಿನ ಎಳೆಗಳು ಸೊರಗಿ, ಒಗೆದು ಹಿಂಡಿದ ದಾರದಂತೆ ಅಲೆಅಲೆಯಾಗಿ ಕಾಣುತ್ತವೆ. ಇನ್ನೊಂದರಲ್ಲಿ ಎಳೆಗಳು ಸತ್ತ ಜಾಗವನ್ನು ಕೊಬ್ಬು ಮತ್ತು ನಾರು ಆಕ್ರಮಿಸುತ್ತವೆ. ಡಾಬರ್‌ಮನ್‌ಗೆ ಹೆಚ್ಚಾಗಿ ಬರುವುದು ಈ ಎರಡನೆಯದು. ಬಾಕ್ಸರ್ ನಾಯಿಯಲ್ಲಿ ಇಂಥದೇ ಕೊಬ್ಬು ಬಲಬದಿಯ ಕೋಣೆಯಲ್ಲಿ ಸೇರುತ್ತದೆ.

ಕೊಬ್ಬು ನಾರು ಸೇರಿದ ಸ್ನಾಯುವಿನಲ್ಲಿ ಎರಡು ಅಪಾಯ. ಬಲ ಕಡಿಮೆಯಾಗುವುದು ಒಂದು, ಅದು ನಿಧಾನ. ಇನ್ನೊಂದಕ್ಕೆ ನಿಧಾನವೆಂಬುದಿಲ್ಲ. ಬಡಿತದ ವಿದ್ಯುತ್ತು ಸತ್ತ ತುಂಡುಗಳನ್ನು ಬಳಸಿಕೊಂಡು ಹೋಗುವಾಗ ದಾರಿ ತಪ್ಪಿ ಸುತ್ತತೊಡಗಿದರೆ ಹೃದಯ ಬಡಿಯುವುದನ್ನು ಬಿಟ್ಟು ನಡುಗುತ್ತದೆ, ಒಂದೆರಡು ನಿಮಿಷದಲ್ಲಿ ಮುಗಿಯಿತು. ಹೊರಗೆ ಯಾವ ಲಕ್ಷಣವೂ ಕಾಣದೆ ಡಾಬರ್‌ಮನ್ ಓಡುತ್ತ ಓಡುತ್ತಲೇ ಬಿದ್ದು ಸಾಯುವುದುಂಟು. ಯುರೋಪಿನಲ್ಲಿ 400ಕ್ಕೂ ಹೆಚ್ಚು ಡಾಬರ್‌ಮನ್‌ಗಳನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಜೀವಮಾನದ ಲೆಕ್ಕ ಹಿಡಿದರೆ ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ಈ ಕಾಯಿಲೆ ಎಂದಿತು. ಇದು ವಂಶದಲ್ಲಿ ಇಳಿದು ಬರುವ ರೋಗ.

ಇಷ್ಟು ಕೇಳಿದ ಮೇಲೆ ನಾವು ಡಾಕ್ಟರಿಗೆ ಜಾನಿಯ ಅಪ್ಪನ ವಿಷಯ ಹೇಳಿದೆವು. ಜೊಲ್ಲು ಸುರಿಯುತ್ತಿತ್ತೇ, ವಾಂತಿ ಭೇದಿ ಇತ್ತೇ, ಮೈ ನಡುಗಿ ಸೆಟೆದಿತ್ತೇ, ಎಷ್ಟು ಹೊತ್ತು ಒದ್ದಾಡಿತು ಎಂದು ಒಂದೊಂದಾಗಿ ಕೇಳಿದರು. ಯಾವುದೂ ಇರಲಿಲ್ಲ. ಕೀಟನಾಶಕ ತಿಂದ ನಾಯಿ ಸಾಮಾನ್ಯವಾಗಿ ಇವುಗಳಲ್ಲಿ ಒಂದನ್ನಾದರೂ ತೋರಿಸದೆ ಹೋಗುವುದಿಲ್ಲವಂತೆ. ಹೂತ ನಾಯಿಯ ಬಗ್ಗೆ ಇಷ್ಟು ವರ್ಷದ ಮೇಲೆ ಖಂಡಿತವಾಗಿ ಹೇಳಲಾಗದು, ಆದರೆ ಮಗನ ಹೃದಯ ನೋಡಿದರೆ ಅಪ್ಪನದೂ ಇದೇ ಇರಬಹುದು ಎಂದರು. ಕೋಣೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಜಾನಿ ಎದೆಗೆ ಹಚ್ಚಿದ ಜೆಲ್ಲನ್ನು ನೆಕ್ಕುತ್ತಿದ್ದ.

ಆದ್ದರಿಂದ ತೋಟದಲ್ಲಿ ನಾಯಿ ಇದ್ದಕ್ಕಿದ್ದಂತೆ ಸತ್ತರೆ ಯಾರ ಮೇಲೂ ಬೆರಳು ತೋರಿಸುವ ಮೊದಲು ಹತ್ತಿರದ ಸರಕಾರಿ ಪಶುವೈದ್ಯರಿಗೆ ಹೇಳಿ ಶವಪರೀಕ್ಷೆ ಮಾಡಿಸಿ. ಹೊಟ್ಟೆಯಲ್ಲಿರುವುದನ್ನು ವಿಷಪರೀಕ್ಷೆಗೆ ತೆಗೆಯುವಂತೆ ಹೃದಯವನ್ನೂ ತೂಗಿ, ಸೀಳಿ ನೋಡಲು ಕೇಳಿಕೊಳ್ಳಿ. ಸಾಧಾರಣ ನಾಯಿಯ ಹೃದಯ ಮೈತೂಕದ ಪ್ರತಿ ಕಿಲೋಗೆ ಸುಮಾರು 8 ಗ್ರಾಂ. ಅದಕ್ಕಿಂತ ತುಂಬಾ ಹೆಚ್ಚಿದ್ದು, ಕೋಣೆ ಜೋತುಬಿದ್ದು ಗೋಡೆ ತೆಳುವಾಗಿದ್ದರೆ ಬರಿಗಣ್ಣಿಗೇ ತಿಳಿಯುತ್ತದೆ.

ಓಟದ ನಾಯಿಗಳಿಗೆ ಮಾತ್ರ ಈ ಲೆಕ್ಕ ಹಿಡಿಸುವುದಿಲ್ಲ. ಗ್ರೇಹೌಂಡಿನ ಹೃದಯ ಕಿಲೋಗೆ 12 ಗ್ರಾಂ ಮುಟ್ಟುವುದುಂಟು, ಅದು ಅದರ ಆರೋಗ್ಯ. ನಮ್ಮ ಮುಧೋಳದ ನಾಯಿಯೂ ಕಣ್ಣಳತೆಯಲ್ಲಿ ಬೇಟೆಯಾಡುವ ಅದೇ ಬಗೆಯದು. ಎಕ್ಸ್‌ರೇಯಲ್ಲಿ ಅದರ ಹೃದಯ ದೊಡ್ಡದಾಗಿ ಕಂಡರೆ ಎಕೋ ಮಾಡಿಸುವವರೆಗೆ ರೋಗವೆಂದು ತೀರ್ಮಾನಿಸಬೇಡಿ.

ಇನ್ನು ಔಷಧಿಯ ಮಾತು. ಸವೆದ ಸ್ನಾಯು ಮತ್ತೆ ಹುಟ್ಟದು. ಆದರೆ ಕಾಲವನ್ನು ಮುಂದಕ್ಕೆ ತಳ್ಳಬಹುದು ಎಂಬುದಕ್ಕೆ ಈಗ ಗಟ್ಟಿ ಪುರಾವೆಯಿದೆ. ಪಿಮೋಬೆಂಡಾನ್ ಎಂಬ ಮಾತ್ರೆ ಸ್ನಾಯುವಿನ ಹಿಂಡುವ ಬಲ ಹೆಚ್ಚಿಸಿ ರಕ್ತನಾಳಗಳನ್ನು ಸಡಿಲಿಸುತ್ತದೆ. ಹೊರಗೆ ಲಕ್ಷಣ ಕಾಣದ, ಆದರೆ ಎಕೋದಲ್ಲಿ ಹೃದಯ ಹಿಗ್ಗಿದ್ದ 76 ಡಾಬರ್‌ಮನ್‌ಗಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹುಸಿ ಮಾತ್ರೆ ತಿಂದ ಗುಂಪಿನಲ್ಲಿ ಹೃದಯ ಸೋಲುವ ಅಥವಾ ಹಠಾತ್ ಸಾಯುವ ಘಟ್ಟ ಬಂದದ್ದು ಮಧ್ಯಮ ಲೆಕ್ಕದಲ್ಲಿ 441 ದಿನಕ್ಕೆ. ನಿಜ ಮಾತ್ರೆ ತಿಂದ ಗುಂಪಿನಲ್ಲಿ 718 ದಿನಕ್ಕೆ. ಕವಾಟ ಸೋರುವ ನಾಯಿಗಳ ವಿಷಯದಲ್ಲಿ 2016ರಲ್ಲಿ 360 ನಾಯಿಗಳ ಇನ್ನೊಂದು ಪ್ರಯೋಗ ಪ್ರಕಟವಾಯಿತು. ಅಲ್ಲಿ ಸಿಕ್ಕ ಲಾಭ ಸುಮಾರು 15 ತಿಂಗಳು. ನಾಯಿಯ ಆಯುಷ್ಯದಲ್ಲಿ 15 ತಿಂಗಳು ಸಣ್ಣದಲ್ಲ. ಎರಡರಲ್ಲೂ ಗಮನಿಸಬೇಕಾದ್ದೆಂದರೆ ಮಾತ್ರೆ ಕೊಟ್ಟದ್ದು ನಾಯಿ ಏದುಸಿರು ಬಿಡುವ ಮೊದಲು. ಕವಾಟ ಬರೀ ಸೋರುತ್ತಿದ್ದು ಹೃದಯ ಹಿಗ್ಗಿಲ್ಲದಿದ್ದರೆ ಇದು ಬೇಕಿಲ್ಲ, ಆದ್ದರಿಂದ ಎಕೋ ಇಲ್ಲದೆ ಅಂಗಡಿಯಿಂದ ತಂದು ನುಂಗಿಸುವ ಔಷಧಿ ಇದಲ್ಲ. ಪುಪ್ಪುಸಕ್ಕೆ ನೀರು ಬಂದ ಮೇಲೆ ಫ್ರುಸೆಮೈಡ್ ಬೇಕೇ ಬೇಕಾಗುತ್ತದೆ. ಅದನ್ನು ತಿಂದ ನಾಯಿ ಪದೇಪದೇ ಮೂತ್ರಕ್ಕೆ ಹೋಗುತ್ತದೆ. ಅದಕ್ಕೆ ಹೆದರಿ ಕುಡಿಯುವ ನೀರು ಕಟ್ಟಬಾರದು.

ಮನೆಯಲ್ಲಿ ಮಾಡಬಹುದಾದ ಪರೀಕ್ಷೆಯೊಂದನ್ನು ಡಾಕ್ಟರು ಕಲಿಸಿದರು. ನಮಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಇದು. ನಾಯಿ ಗಾಢವಾಗಿ ಮಲಗಿದಾಗ ಪಕ್ಕೆ ಏರಿ ಇಳಿಯುವುದನ್ನು ಒಂದು ನಿಮಿಷ ಎಣಿಸಿ, ಏರಿ ಇಳಿದರೆ ಒಂದು. 30ರ ಒಳಗಿದ್ದರೆ ಸರಿ. ಕನಸಿನಲ್ಲಿ ಕಾಲಾಡಿಸುವಾಗ, ಸೆಕೆಗೆ ನಾಲಗೆ ಚಾಚಿರುವಾಗ ಎಣಿಸಬಾರದು. ಒಂದೆರಡು ಗಂಟೆ ಬಿಟ್ಟು ಮತ್ತೆ ಎಣಿಸಿದಾಗಲೂ 30 ದಾಟಿದ್ದರೆ ಪುಪ್ಪುಸಕ್ಕೆ ನೀರು ಇಳಿಯುತ್ತಿರಬಹುದು, ಬೆಳಗಾಗಲಿ ಎಂದು ಕಾಯಬೇಡಿ.

ಆಹಾರದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಒಣಮೀನು, ಉಪ್ಪಿನಕಾಯಿ ಕಲಸಿದ ಅನ್ನ, ಹಪ್ಪಳ ಇವು ಹೃದ್ರೋಗದ ನಾಯಿಗೆ ಬೇಡ. ಮಾಂಸ ಮೀನುಗಳಲ್ಲಿರುವ ಟಾರೀನ್ ಎಂಬ ಅಂಶ ಹೃದಯಸ್ನಾಯುವಿಗೆ ಬೇಕು. ನಾಯಿ ಅದನ್ನು ತನ್ನ ಮೈಯಲ್ಲೇ ತಯಾರಿಸಿಕೊಳ್ಳಬಲ್ಲದಾದರೂ ಅದಕ್ಕೆ ಒಳ್ಳೆಯ ಪ್ರೋಟೀನು ಸಿಗಬೇಕು. ಬರೀ ಮೊಸರನ್ನದ ಮೇಲೆ ಸಾಕುವವರು ಈ ವಿಷಯ ವೈದ್ಯರ ಹತ್ತಿರ ಮಾತಾಡಲಿ. ಧಾನ್ಯವಿಲ್ಲದ್ದೆಂದು ಹೆಚ್ಚು ಬೆಲೆಗೆ ಮಾರುವ, ಬಟಾಣಿ ಬೇಳೆಗಳೇ ತುಂಬಿದ ಪ್ಯಾಕೆಟ್ ಆಹಾರಕ್ಕೂ ಹೃದಯ ಹಿಗ್ಗುವ ಕಾಯಿಲೆಗೂ ಸಂಬಂಧವಿರಬಹುದೆಂದು ಅಮೆರಿಕದ ಸರಕಾರ 2018ರಲ್ಲಿ ಎಚ್ಚರಿಸಿತ್ತು. ನಮ್ಮ ನಾಯಿಗೆ ಅನ್ನ ಹೊಸದೇನಲ್ಲ; ಆ ಖರ್ಚು ಉಳಿಸಿ ಮೊಟ್ಟೆ ಹಾಕಿರಿ.

ಮರಿಗಳಿಗೆ ಪಾರ್ವೊ ಲಸಿಕೆ ತಪ್ಪಿಸಬಾರದು. 1978ರ ಸುಮಾರಿಗೆ ಆ ವೈರಸ್ ಜಗತ್ತಿನಲ್ಲಿ ಹೊಸದಾಗಿ ಹರಡಿದಾಗ ಕೆಲವೇ ವಾರದ ಮರಿಗಳ ಹೃದಯಸ್ನಾಯುವನ್ನೇ ಕೆಡಿಸಿ ಕೊಲ್ಲುತ್ತಿತ್ತು. ಉಣ್ಣಿ ಜ್ವರವೂ ಸ್ನಾಯುವಿಗೆ ಉರಿಯೂತ ತರಬಲ್ಲದು.

ನಮ್ಮ ಬೆಳೆಗಳ ವಿಷಯಕ್ಕೇ ಬಂದರೆ, ಕಾಫಿ ನಾಯಿಯ ಹೃದಯಕ್ಕೆ ಶತ್ರು. ರೊಬಸ್ಟಾ ಬೀಜದಲ್ಲಿ ನೂರಕ್ಕೆ ಸುಮಾರು ಎರಡು ಪಾಲು ಕೆಫೀನ್ ಇದೆ, ಅರಾಬಿಕಾದಲ್ಲಿ ಅದರ ಅರ್ಧದಷ್ಟು. ನಾಯಿಯ ಮೈತೂಕದ ಕಿಲೋಗೆ 40 ಮಿಲಿಗ್ರಾಂ ಕೆಫೀನ್ ಒಳಹೊಕ್ಕರೆ ಬಡಿತ ಹದ ತಪ್ಪಬಹುದು. ಇಪ್ಪತ್ತು ಕಿಲೋ ನಾಯಿಗೆ 40 ಗ್ರಾಂ ರೊಬಸ್ಟಾ ಪುಡಿ ಸಾಕು ಎಂದಾಯಿತು. ಕಣದ ನಾಯಿ ಚೆರ್ರಿಯನ್ನು ಮೂಸಿ ಬಿಡುತ್ತದೆ, ಭಯವಿರುವುದು ಅಡಿಗೆಮನೆಯ ಡಬ್ಬಿಗೆ. ಬೇಲಿಯ ಕಣಗಿಲೆ ಇದಕ್ಕಿಂತ ಕೆಟ್ಟದ್ದು.

ಅಡಿಕೆಯದು ವಿಚಿತ್ರ ಇತಿಹಾಸ. ಅಡಿಕೆ ಪುಡಿ ಒಂದು ಕಾಲದ ಪಶುವೈದ್ಯ ಪುಸ್ತಕಗಳಲ್ಲಿ ನಾಯಿಯ ಲಾಡಿಹುಳುವಿಗೆ ಔಷಧಿ. ಅದರಿಂದ ತೆಗೆದ ಅರೆಕೋಲಿನ್ ಕುಡಿಸಿ ಭೇದಿ ಮಾಡಿಸುವುದನ್ನು ನ್ಯೂಜಿಲೆಂಡಿನಲ್ಲಿ ಸರಕಾರವೇ ದೇಶದ ಕುರಿನಾಯಿಗಳಿಗೆಲ್ಲ ನಡೆಸಿತ್ತು. 1970ರ ದಶಕದಲ್ಲಿ ಪ್ರಾಜಿಕ್ವಾಂಟೆಲ್ ಬಂದ ಮೇಲೆ ಅದು ಹಿಂದೆ ಬಿತ್ತು. ಅರೆಕೋಲಿನ್ ಬಡಿತವನ್ನು ತೀರಾ ನಿಧಾನಗೊಳಿಸುತ್ತದೆ. ಹಳಬರ ಮಾತು ಕೇಳಿ ಹೃದಯ ಸೋತ ನಾಯಿಗೆ ಅಡಿಕೆ ತಿನ್ನಿಸುವವರು ಇನ್ನೂ ಇದ್ದರೆ ದಯವಿಟ್ಟು ನಿಲ್ಲಿಸಿ.

ಜಾನಿಗೆ ಈಗ ದಿನಕ್ಕೆರಡು ಹೊತ್ತು ಮಾತ್ರೆ, ಊಟಕ್ಕೆ ಒಂದು ಗಂಟೆ ಮುಂಚೆ. ಕೋತಿ ಅಟ್ಟುವ ಕೆಲಸದಿಂದ ಬಿಡುಗಡೆಯಾಗಿದೆ; ಜಗಲಿಯ ಮೇಲಿಂದ ಬೊಗಳಲು ಅಡ್ಡಿಯಿಲ್ಲ. ಅವನಿಂದ ಮರಿ ಮಾಡಿಸಬೇಕೆಂದು ಇಬ್ಬರು ಸದಸ್ಯರು ಕೇಳಿದ್ದರು, ಆಗದೆಂದು ತಿಳಿಸಿದ್ದೇವೆ. ಹಳೆಯ ಪುಸ್ತಕದ ರಟ್ಟಿನ ಮೇಲೆ ದಿನವೂ ರಾತ್ರಿ ಉಸಿರಿನ ಲೆಕ್ಕ ಬರೆಯುತ್ತೇವೆ. ಈ ವಾರ 22, 24, 21, 23.

ಬಿಟ್ಟುಹೋದ ಆ ಮನುಷ್ಯ ಪಿರಿಯಾಪಟ್ಟಣದ ಹತ್ತಿರ ಇದ್ದಾರೆಂದು ತಿಳಿದು, ಮೈಸೂರಿನಿಂದ ಬಂದ ಮರುವಾರವೇ ಹೋಗಿದ್ದೆವು. ಎಕೋದ ಚಿತ್ರ ತೋರಿಸಿ, ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿ, ನಮ್ಮದು ತಪ್ಪಾಯಿತು ಎಂದೆವು. ಅವರು ಚಿತ್ರವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ನಾಯಿ ಹೇಗಿದೆ ಎಂದು ಕೇಳಿದರು. ಕೆಲಸಕ್ಕೆ ಮರಳುವ ಮಾತನ್ನು ಅವರೂ ಎತ್ತಲಿಲ್ಲ, ನಮಗೂ ಬಾಯಿ ಬರಲಿಲ್ಲ. ಅವರ ಹೆಂಡತಿ ಕಾಫಿ ಕೊಟ್ಟರು, ಕುಡಿದು ಬಂದೆವು.

ಮುಂದಿನ ತಿಂಗಳ ಎರಡನೆಯ ಮಂಗಳವಾರ ಜಾನಿಯನ್ನು ಮರುಪರೀಕ್ಷೆಗೆ ಮೈಸೂರಿಗೆ ಕರೆದೊಯ್ಯುತ್ತಿದ್ದೇವೆ. ಬೆಳಿಗ್ಗೆ ಆರಕ್ಕೆ ಸಂಘದ ಗೋದಾಮಿನ ಮುಂದೆ ಜೀಪು ನಿಂತಿರುತ್ತದೆ. ಹಿಂದೆ ಇನ್ನೆರಡು ನಾಯಿಗೆ ಜಾಗವಿದೆ. ಬರುವವರು ಮೊದಲೇ ಕಚೇರಿಯಲ್ಲಿ ಹೇಳಿ, ನಾಯಿಗೆ ಸರಪಳಿ ಹಾಕಿ ಕರೆತರಬೇಕು. ಡಾಬರ್‌ಮನ್, ಗ್ರೇಟ್ ಡೇನ್, ಬಾಕ್ಸರ್ ಇರುವವರಿಗೆ ಮೊದಲ ಆದ್ಯತೆ.